ಪೇರಲ ಪಾಕ, ಹೊರಗಿನ ಒಲೆ

ನವೆಂಬರ್ ೪, ಸೋಮವಾರ

ಒಂಬತ್ತು ವರ್ಷ. ಪಿ.ಜೆ. ಬಡಾವಣೆಯ ಹೋಟೆಲಿನಲ್ಲಿ ಒಂಬತ್ತು ವರ್ಷದಿಂದ ಬೇಯಿಸುತ್ತಿರುವವಳು ನಾನು, ಮಾಸ್ಟರ್ ಅಂತ ಹೆಸರು ಮಾತ್ರ ಬೇರೆಯವರಿಗೆ. ಮೂರು ಜನ ಮಾಸ್ಟರ್‌ಗಳು ಬಂದರು, ಹೋದರು. ಒಬ್ಬನಿಗೆ ಕುಡಿತ, ಇನ್ನೊಬ್ಬನಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಮೂರನೆಯವನಿಗೆ ಸಾರಿಗೆ ಎಷ್ಟು ಉಪ್ಪು ಅಂತಲೇ ತಿಳಿಯುತ್ತಿರಲಿಲ್ಲ. ಅವರು ಬಿಟ್ಟುಹೋದ ಸೌಟು ಹಿಡಿದವಳು ಪ್ರತಿ ಸಲವೂ ನಾನೇ. "ಪ್ರೇಮಕ್ಕ, ಹೊಸಬರು ಬರೋತನಕ ಸ್ವಲ್ಪ ನೋಡ್ಕೊಳ್ರಿ" ಅಂತಾನೆ ಮಾಲೀಕ ಬಕ್ಕೇಶ್. ನೋಡಿಕೊಂಡೇ ತಲೆ ಅರ್ಧ ನರೆಯಿತು.

ಇವತ್ತು ಬಕ್ಕೇಶ್ ಎಲ್ಲರನ್ನೂ ನಿಲ್ಲಿಸಿಕೊಂಡು ಒಂದು ಸುದ್ದಿ ಹೇಳಿದ. ಹರಿಹರದಲ್ಲಿ ಹೊಳೆ ಕಡೆಯ ಅವನ ಹೊಸ ಹೋಟೆಲು ತಯಾರಾಗಿದೆ. ಯಾವುದೋ ಕಾರ್ಖಾನೆಗೆ ಯಂತ್ರ ಕೂರಿಸಲು ಬರುವ ಆರು ಜನ ಅಲ್ಲೇ ಆರು ತಿಂಗಳು ಇಳಿದುಕೊಳ್ಳುವ ಮಾತಾಗಿದೆ. ಇಪ್ಪತ್ನಾಲ್ಕನೇ ತಾರೀಖು ಊಟಕ್ಕೆ ಬಂದು ರುಚಿ ನೋಡಿ, ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರು ಕೇಳಿರುವುದು ಪೋರ್ಕ್ ಚಾಪ್ಸ್, ಎಲುಬು ಸಮೇತದ ದಪ್ಪ ತುಂಡು, ಮೇಲೆ ಹಣ್ಣಿನ ಪಾಕ, ಸಿಹಿ ಇರಬೇಕು, ಉಪ್ಪು ಖಾರವೂ ಇರಬೇಕು. ಅದನ್ನು ಸರಿಯಾಗಿ ಮಾಡಿದವರಿಗೇ ಹರಿಹರದ ಅಡುಗೆಮನೆಯ ಯಜಮಾನಿಕೆ. ಯಾರೂ ಮುಂದೆ ಬರದಿದ್ದರೆ ಗೋವಾದಿಂದ ಒಬ್ಬನನ್ನು ಕರೆಸುತ್ತಾನಂತೆ.

ಬಿರಿಯಾನಿ ಮಾಡುವ ಚಾಂದ್ ಪಾಷಾ ನೇರವಾಗಿ ಹೇಳಿದರು, ನಮ್ಮ ಧರ್ಮದಲ್ಲಿ ಆಗಲ್ಲ ಸಾರ್ ಅಂತ. ಅದು ಸರಿ, ಒಪ್ಪುವ ಮಾತು. ಉಳಿದವರದು ನೋಡಬೇಕಿತ್ತು. ಕುರಿಯ ತಲೆ, ಕಾಲು, ಕರುಳು ಒಂದನ್ನೂ ಬಿಡದವರು ಮೂಗು ಮುಚ್ಚಿಕೊಂಡರು. ನಾನು ಕೈ ಎತ್ತಿದೆ.

ಪೋರ್ಕ್ ಅನ್ನುವಾಗ ಬಕ್ಕೇಶ್ ದನಿ ತಗ್ಗಿಸುತ್ತಿದ್ದ. ಅದರ ಕನ್ನಡದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ, ಈ ನೋಟ್‌ಬುಕ್ಕು ಮಂಚದ ಮೇಲೇ ಬಿದ್ದಿರುತ್ತದೆ. "ಅದು" ಅಂದರೆ ನನಗೆ ಗೊತ್ತಾದರೆ ಸಾಕು.

ನವೆಂಬರ್ ೫, ಮಂಗಳವಾರ

ಹೋಟೆಲಿನಲ್ಲಿ ಕಲಿಯಬೇಡ, ಉಳಿದವರು ಗಲಾಟೆ ಮಾಡುತ್ತಾರೆ, ಮನೆಯಲ್ಲಿ ಮಾಡಿ ನೋಡಿಕೊಂಡು ಬಾ ಅಂದ ಬಕ್ಕೇಶ್. ಬೆಂಗಳೂರಿನಿಂದ ತರಿಸಿದ ಪೊಟ್ಟಣವನ್ನು ಐಸ್ ಡಬ್ಬಿಯಲ್ಲಿಟ್ಟು ಕೊಟ್ಟ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಳ್ಳಿಯ ಹಾಗೆ ಕೂತು ಬಂದೆ. ಮನೆಯಲ್ಲಿ ನಮ್ಮ ಯಜಮಾನರು ಏನದು ಅಂದರು. ಮೀನು ಅಂತ ಹೇಳಿ ಫ್ರಿಜ್ಜಿನ ಐಸ್ ಖಾನೆಗೆ ತಳ್ಳಿದೆ.

ನವೆಂಬರ್ ೭, ಗುರುವಾರ

ಬಕ್ಕೇಶ್ ಫೋನಿನಲ್ಲಿ ಕಳಿಸಿದ ವಿಡಿಯೋದಲ್ಲಿ ಹಾಕುವ ಹಣ್ಣು ನಾನು ಹುಟ್ಟಿದಾಗಿನಿಂದ ಕಣ್ಣಲ್ಲೂ ನೋಡಿಲ್ಲ. ದಾವಣಗೆರೆ ಮಾರ್ಕೆಟ್ಟೆಲ್ಲ ಸುತ್ತಿದರೂ ಸಿಗುವುದಿಲ್ಲ. ಸಿಗದಿದ್ದರೆ ಬಿಡಲಿ, ನಮ್ಮ ಸರಸ್ವತಿ ನಗರದ ಈ ಮನೆಯಂಗಳದಲ್ಲೇ ಪೇರಲ ಮರ ಬಾಗಿ ನಿಂತಿದೆ. ಮನೆ ಒಡತಿ ಕಸ್ತೂರಮ್ಮನವರ ಮರ. ಅವರು ಮುಂದಿನ ಮನೆಯಲ್ಲಿ, ನಾವು ಹಿಂದಿನ ಎರಡು ಕೋಣೆಯಲ್ಲಿ. ಕೋಳಿ ಮೊಟ್ಟೆಯನ್ನೂ ಹಿತ್ತಲಲ್ಲೇ ಬೇಯಿಸಬೇಕು ಎಂಬ ಮಾತಿನ ಮೇಲೆ ಹನ್ನೊಂದು ವರ್ಷದಿಂದ ಇದ್ದೇವೆ.

ಹಣ್ಣು ಕೇಳಿದೆ. ಜಾಮ್ ಮಾಡ್ತೀಯೇನು ಅಂತ ಕೇಳಿ ಸೆರಗಿನ ತುಂಬ ಕೊಟ್ಟರು. ಹ್ಞೂಂ ಅಂದೆ. ನಾಲಿಗೆಗೆ ಸುಳ್ಳು ಎಷ್ಟು ಬೇಗ ರೂಢಿಯಾಗುತ್ತದೆ.

ಪಾಕ ಮಾತ್ರ ಮೊದಲ ಸಲಕ್ಕೇ ಬಂತು. ಹಣ್ಣನ್ನು ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆದು, ಬೆಲ್ಲ, ಹುಣಸೆರಸ, ಉಪ್ಪು, ಜಜ್ಜಿದ ಶುಂಠಿ, ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ, ಕಾಳುಮೆಣಸು. ಪೇರಲಕ್ಕೆ ತಾನೇ ಗಟ್ಟಿಯಾಗುವ ಗುಣ ಇದೆ, ಬೆರಳಿಗೆ ಎಳೆ ಬಂದಾಗ ಇಳಿಸಿದರೆ ಸಾಕು. ಸೌಟಿನ ಹಿಂಬದಿಯಲ್ಲಿ ಮಿರಮಿರ ಮಿಂಚಿತು. ಎರಡು ಚಮಚ ಹಾಗೇ ನೆಕ್ಕಿದೆ.

ನವೆಂಬರ್ ೧೧, ಸೋಮವಾರ

ಕೆಟ್ಟ ದಿನ. ಎಲ್ಲ ನನ್ನ ಬುದ್ಧಿಗೇಡಿತನದಿಂದಲೇ ಆಗಿದ್ದು.

ರಜೆ ಸಿಕ್ಕಿತು ಅಂತ ಇವತ್ತೇ ಹಿತ್ತಲಲ್ಲಿ ಒಲೆ ಹೂಡಿದೆ. ಕಾರ್ತಿಕ ಸೋಮವಾರ ಅಂತ ನೆನಪೇ ಇಲ್ಲ. ಕಸ್ತೂರಮ್ಮನವರ ಮನೆಗೆ ನಾಲ್ಕು ಜನ ಹೆಂಗಸರು ಬಂದು, ತುಳಸಿಯ ಮುಂದೆ, ಮೆಟ್ಟಿಲ ಮೇಲೆ, ಕಾಂಪೌಂಡಿನ ಉದ್ದಕ್ಕೂ ದೀಪ ಹಚ್ಚುತ್ತಿದ್ದಾರೆ. ಹಿಂದುಗಡೆ ನಾನು "ಅದನ್ನು" ಅರಿಶಿನ ಹಾಕಿ ಕೊತಕೊತ ಕುದಿಸುತ್ತಿದ್ದೇನೆ. ನಮ್ಮ ತವರಲ್ಲಿ ಅದನ್ನು ಯಾವಾಗಲೂ ಮೊದಲು ಒಂದು ತಾಸು ಕುದಿಸಿ ನೀರು ಚೆಲ್ಲುತ್ತಾರೆ. ಹುಳ ಇರುತ್ತದೆ ಅಂತ ಅವ್ವ ಹೆದರಿಸಿದ್ದು ತಲೆಯಲ್ಲಿ ಕೂತುಬಿಟ್ಟಿದೆ. ಹಾಗೆ ಕುದಿಸಿ ಆಮೇಲೆ ಹಂಚಿನ ಮೇಲೆ ಹಾಕಿ ಪಾಕ ಸುರಿದರೆ ಮಾಂಸ ಚಪ್ಪಲಿಯ ಅಟ್ಟೆಯ ಹಾಗೆ ಆಯಿತು, ಪಾಕ ಸೀದು ಇದ್ದಿಲಾಯಿತು. ಹೊಗೆ ಮಾತ್ರ ಸೀದಾ ದೀಪದ ಕಡೆಗೆ ಹೋಯಿತು.

ಕಸ್ತೂರಮ್ಮ ಬಂದರು. ಕೈಯಲ್ಲಿ ಎಣ್ಣೆಯ ಬಟ್ಟಲು ಹಾಗೇ ಇತ್ತು. ಅವರು ಕೂಗುವ ಹೆಂಗಸಲ್ಲ, ಕೂಗಿದ್ದರೆ ನಾನೂ ಕೂಗಿ ಹಗುರಾಗುತ್ತಿದ್ದೆ.

"ಅದೇನು ಪ್ರೇಮಾ?"

ಹೇಳಿದೆ. ಇನ್ನೇನು ಮಾಡಲಿ, ಎಲುಬು ತಟ್ಟೆಯಲ್ಲೇ ಇತ್ತು.

"ನನ್ನ ಮರದ ಹಣ್ಣು ಇದಕ್ಕ ಹಾಕಿದ್ಯಾ?" ಅಂದರು. ಮುಖ ಸಣ್ಣದಾಗಿಬಿಟ್ಟಿತು. ಆಮೇಲೆ ಮೆತ್ತಗೇ ಹೇಳಿದರು, ಇದು ಇವತ್ತಿಗೇ ನಿಲ್ಲಬೇಕು, ಇಲ್ಲವಾದರೆ ತಿಂಗಳ ಕೊನೆಗೆ ಮನೆ ಬಿಡಬೇಕು.

ತಣ್ಣೀರಲ್ಲಿ ಎರಡು ಸಲ ಸ್ನಾನ ಮಾಡಿದೆ. ಸೀರೆ ನೆನೆಹಾಕಿದೆ. ಇಷ್ಟಾದರೂ ದೇವರ ಗೂಡಿನ ಹತ್ತಿರ ಹೋಗಲು ಕಾಲು ಬರಲಿಲ್ಲ, ದೀಪ ಇವರ ಕೈಲಿ ಹಚ್ಚಿಸಿದೆ.

ನವೆಂಬರ್ ೧೨, ಮಂಗಳವಾರ

ಇವರು ಲಗೇಜ್ ಆಟೊ ತೆಗೆಯದೆ ಮನೆಯಲ್ಲೇ ಕೂತು ಮಾತಾಡಿದರು. ನಿಂಗರಾಜು ಇಷ್ಟು ಮಾತಾಡಿದ್ದು ಮದುವೆಯಾದ ಹದಿನೆಂಟು ವರ್ಷದಲ್ಲಿ ಇದೇ ಮೊದಲು. ಹನ್ನೊಂದು ವರ್ಷದ ಮನೆ ಹೋಗುತ್ತದೆ, ಮೀನು ಅಂತ ಸುಳ್ಳು ಹೇಳಿದೆ, ನಮ್ಮ ಮನೆತನದಲ್ಲಿ ಯಾರೂ ಅದನ್ನು ಮುಟ್ಟಿದವರಲ್ಲ. ಕೊನೆಗೆ, "ನಿನಗೆ ಅದನ್ನ ಬೇಯಿಸೋದು ಹೆಂಗೆ ಗೊತ್ತು?" ಅಂದರು.

ಮದುವೆಯ ಮುಂಚೆ ನಮ್ಮತ್ತೆ ನನ್ನ ಅಪ್ಪನನ್ನು ಪಕ್ಕಕ್ಕೆ ಕರೆದು, ನಿಮ್ಮ ಕಡೆಯ ಆ ಊಟದ ಸುದ್ದಿ ನನ್ನ ಮಗನ ಕಿವಿಗೆ ಬೀಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದರು. ಅಪ್ಪ ಆಣೆ ಉಳಿಸಿಕೊಂಡ. ನಾನೂ ಉಳಿಸಿಕೊಂಡೆ. ಅತ್ತೆ ಹೋಗಿ ಆರು ವರ್ಷವಾಯಿತು, ಆಣೆ ಇನ್ನೂ ಯಾರಿಗಾಗಿ?

"ನಾನು ತಿಂದೇ ಬೆಳೆದಿದ್ದು" ಅಂದೆ. "ನಮ್ಮಪ್ಪನೂ ತಿಂತಾನೆ, ಅವ್ವನೂ ತಿಂತಿದ್ಲು. ಹದಿನೆಂಟು ವರ್ಷ ನನ್ನ ಕೈಯೂಟ ಉಂಡೀರಲ್ಲ, ಅದೇ ಕೈ ಇದು."

ಎದ್ದು ಹೊರಗೆ ಹೋದರು. ಹೋಗಲಿ, ನಾನು ಕಣ್ಣೀರು ಹಾಕುವುದಿಲ್ಲ. ಹಾಕಿದೆ, ಸ್ವಲ್ಪ, ಆಮೇಲೆ ಈರುಳ್ಳಿ ಹೆಚ್ಚಿದೆ.

ನವೆಂಬರ್ ೧೪, ಗುರುವಾರ

ಚಾಂದ್ ಭಾಯ್ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಕೊಡಿಸಿದರು. ಮಾಂಸ ಗಟ್ಟಿಯಾಗಿದ್ದು ಹೇಳಿದೆ, ಯಾವ ಮಾಂಸ ಅಂತ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೆಣಸಿನಕಾಯಿ ಬಜ್ಜಿಯ ತೊಟ್ಟು ಬಿಸಾಡಿ ನಕ್ಕರು.

"ನಾ ಅದನ್ನ ಮುಟ್ಟಲ್ಲ ಪ್ರೇಮಮ್ಮ, ಅದರ ಬಗ್ಗೆ ಹೇಳಲ್ಲ. ಬೆಂಕಿ ಬಗ್ಗೆ ಹೇಳ್ತೀನಿ, ಬೆಂಕಿಗೆ ಜಾತಿ ಇಲ್ಲ ನೋಡು."

ಕುದಿಸಬೇಡ ಅಂದರು. ಕುದಿಸಿದರೆ ರಸವೆಲ್ಲ ನೀರಿಗೆ ಹೋಗುತ್ತದೆ. ಹಿಂದಿನ ದಿನವೇ ಉಪ್ಪು ಹಚ್ಚಿಡು. ಮೊದಲು ಜೋರು ಉರಿ, ಎರಡೂ ಮೈ ಕೆಂಪಾಗಲಿ, ಆಮೇಲೆ ಉರಿ ತಗ್ಗಿಸಿ ಮುಚ್ಚು, ಒಳಗಿನತನಕ ಬೇಯಲಿ, ಎಲುಬಿನ ಬುಡದಲ್ಲಿ ಚುಚ್ಚಿದರೆ ತಿಳಿ ರಸ ಬರಬೇಕು. ಸಿಹಿ ಅನ್ನುವುದು ಕೊನೆಗೆ, ಇಳಿಸುವ ಐದು ನಿಮಿಷ ಮೊದಲು. ಇಳಿಸಿದ ಮೇಲೆ ಸುಮ್ಮನೆ ಬಿಡು, ಬಿರಿಯಾನಿಗೆ ದಮ್ ಬಿಟ್ಟ ಹಾಗೆ. ಇಷ್ಟು ಹೇಳಿ, ಹುಳದ ಭಯ ಇದ್ದರೆ ಒಳ್ಳೆ ಅಂಗಡಿಯಿಂದ ತಗೋ ಅಂದರು. ಆ ಮನುಷ್ಯ ಜನ್ಮದಲ್ಲಿ ಮುಟ್ಟದ ಮಾಂಸಕ್ಕೆ ಪಾಠ ಹೇಳಿಕೊಟ್ಟರು. ಮನೆಯಲ್ಲಿ ಇರುವವರಿಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ನವೆಂಬರ್ ೧೭, ಭಾನುವಾರ, ಕಡರನಾಯಕನಹಳ್ಳಿ

ಇಲ್ಲಿ ಬೇಡವೆಂದರೆ ತವರಿದೆಯಲ್ಲ ಅಂತ ಬೆಳಗಿನ ಬಸ್ಸಿಗೇ ಬಂದೆ. ಅಣ್ಣ ಅತ್ತಿಗೆ ಮದುವೆಗೆ ಹೋಗಿದ್ದರು, ಅಪ್ಪ ಕಟ್ಟೆಯ ಮೇಲೆ ಕೂತು ಅಡಿಕೆ ಕುಟ್ಟುತ್ತಿದ್ದ. ಬಕ್ಕೇಶ್ ಮತ್ತೆ ತರಿಸಿಕೊಟ್ಟ ಡಬ್ಬಿ ತೆಗೆದು ತೋರಿಸಿದೆ. ನಮ್ಮಪ್ಪ ಓಬಯ್ಯನ ಮುಖ ನೋಡಬೇಕಿತ್ತು, ಹಲ್ಲಿಲ್ಲದ ಬಾಯಿ ಕಿವಿಯವರೆಗೆ ಹೋಯಿತು.

ಅವ್ವನ ಕಬ್ಬಿಣದ ಬಾಂಡ್ಲಿ ಹಿತ್ತಲ ಗೋಡೆಯ ಮೊಳೆಯಲ್ಲೇ ಇತ್ತು. ಅದು ಹೊರಗಿನ ಬಾಂಡ್ಲಿ. ತಿನ್ನುವ ನಮ್ಮ ಮನೆಯಲ್ಲೂ ಅದನ್ನು ಒಳಗೆ ಬೇಯಿಸುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು, ಹೊರಗಿನ ಬಾಂಡ್ಲಿ, ಹೊರಗೇ ಉಂಡು, ಮೈ ತೊಳೆದುಕೊಂಡು ಒಳಗೆ. ಒಳಗೆ ದೇವರ ಪೆಟ್ಟಿಗೆ ಇದೆಯಲ್ಲ. ಆ ಬಾಂಡ್ಲಿ ಒಂದು ದಿನವೂ ಹೊಸ್ತಿಲು ದಾಟಿದ್ದಿಲ್ಲ.

ಒಂದು ಸಲ ಸುರಿಯುವ ಮಳೆಯಲ್ಲಿ ಅವ್ವ ಒಂದು ಕೈಯಲ್ಲಿ ಗೋಣಿಚೀಲವನ್ನು ಒಲೆಯ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ಸೌಟು ಆಡಿಸುತ್ತಿದ್ದಳು. ಒಲೆ ನೆನೆಯಲಿಲ್ಲ, ಅವ್ವ ನೆನೆದಳು. ನಾವೆಲ್ಲ ಒಳಗೆ ಬೆಚ್ಚಗೆ ಕೂತು, ಆಯ್ತೇನವ್ವ ಆಯ್ತೇನವ್ವ ಅಂತ ಕೇಳುತ್ತಿದ್ದೆವು. ಒಳಗೆ ಬಾ ಅಂತ ಒಬ್ಬರೂ ಅನ್ನಲಿಲ್ಲ. ಇವತ್ತು ಅದೇ ಕಲ್ಲಿನ ಮುಂದೆ ಕೂತಾಗ ಅದೆಲ್ಲ ನೆನಪಾಯಿತು.

ಮೊದಲ ಎರಡು ತುಂಡು ಸೀದವು, ಪಾಕ ಬೇಗ ಹಾಕಿದೆ. ಆಮೇಲಿನ ನಾಲ್ಕಕ್ಕೆ ಚಾಂದ್ ಭಾಯ್ ಹೇಳಿದ ಹಾಗೇ ಮಾಡಿದೆ. ಕೊನೆಗೆ ನಮ್ಮ ಬೆಣ್ಣೆ ಒಂದು ಉಂಡೆ ಬಿಟ್ಟು, ಪಾಕ ಸವರಿ, ತಿರುವಿ ಮತ್ತೆ ಸವರಿದೆ. ಅಂಚಿನ ಕೊಬ್ಬು ಗರಿಗರಿ, ಒಳಗೆ ಮೆತ್ತಗೆ, ಮೇಲೆ ಪೇರಲದ ಘಮ. ಹಂದಿ ಇಷ್ಟು ಚೆನ್ನಾಗಿ ಬೇಯುತ್ತದೆ ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ.

ಅಪ್ಪ ಒಂದು ಚೂರು ಬಾಯಿಗಿಟ್ಟು, "ಇದೇನವ್ವ ಪ್ರೇಮಾ, ಹಂದಿಗೆ ಪಾಯಸ ಕುಡಿಸೀಯಾ?" ಅಂದ. ಖಾರ ಇಲ್ಲ, ಮಸಾಲೆ ಇಲ್ಲ ಅಂತ ಗೊಣಗುತ್ತಲೇ ಮೂರು ತುಂಡು ಮುಗಿಸಿದ, ನಾಲ್ಕನೆಯದರ ಎಲುಬನ್ನು ಸೀಪುತ್ತ ಕೂತ.

ಬರುವಾಗ ಬಾಂಡ್ಲಿ ಕೇಳಿದೆ. ಒಯ್ಯಿ, ನಿಮ್ಮವ್ವಂದು ನಿನಗಲ್ಲದೆ ಇನ್ಯಾರಿಗೆ ಅಂದ.

ನವೆಂಬರ್ ೧೮, ಸೋಮವಾರ

ನಿನ್ನೆ ಸುಸ್ತಾಗಿ ಬಂದವಳು ಮೈ ತೊಳೆಯದೇ ಮಲಗಿಬಿಟ್ಟಿದ್ದೆ. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚಿ ಕೆಲಸಕ್ಕೆ ಹೋದೆ. ಬಸ್ ತಡ.

ನವೆಂಬರ್ ೨೩, ಶನಿವಾರ

ಹರಿಹರದ ಹೊಸ ಅಡುಗೆಮನೆ ನೋಡಿದೆ, ಬಿರಿಯಾನಿಗೆ ಅಂತ ಚಾಂದ್ ಭಾಯ್ ಅವರನ್ನೂ ಬಕ್ಕೇಶ್ ಕರೆತಂದಿದ್ದ. ಬಿಳಿ ಟೈಲ್ಸು, ಆರು ಒಲೆ, ಹೊಗೆ ಎಳೆಯುವ ದೊಡ್ಡ ಯಂತ್ರ, ಕಿಟಕಿಯಿಂದ ಹೊಳೆ ಕಾಣುತ್ತದೆ. ಆರೂ ಒಲೆಯನ್ನು ಒಂದೊಂದಾಗಿ ಹಚ್ಚಿ ನೋಡಿದೆ. ನಾಳೆ ಹಂದಿ ಯಾವ ಒಲೆಯ ಮೇಲೆ ಮಾಡಲಿ ಅಂತ ಕೇಳಿದೆ.

ಬಕ್ಕೇಶ್ ನನ್ನನ್ನು ಹಿಂಬಾಗಿಲಿಂದ ಹೊರಗೆ ಕರೆದುಕೊಂಡು ಹೋದ. ಜನರೇಟರ್ ಪಕ್ಕ ತಗಡಿನ ಶೆಡ್ಡು. ಅದರೊಳಗೆ ಒಂದು ಒಲೆ, ಒಂದು ನಲ್ಲಿ. "ಅದು ಇಲ್ಲಿ ಪ್ರೇಮಕ್ಕ. ಉಳಿದಿದ್ದೆಲ್ಲ ಒಳಗ. ಅದನ್ನ ಮಾಡಿ, ಕೈಕಾಲು ತೊಳಕೊಂಡು ಒಳಗ ಬರ್ರಿ" ಅಂದ. ಬೈದು ಹೇಳಲಿಲ್ಲ, ಊರಲ್ಲಿ ಇರುವುದೇ ಹೀಗೆ ಅನ್ನುವ ಹಾಗೆ ಹೇಳಿದ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಶೆಡ್ಡಿನ ಗೋಡೆಯಲ್ಲಿ ಒಂದು ಮೊಳೆಯೂ ಇತ್ತು, ಬಾಂಡ್ಲಿ ನೇತುಹಾಕಲು.

"ಆಗಲ್ಲ ಸಾರ್" ಅಂದೆ.

ಏನಾಗಲ್ಲ ಅಂದ. ನಾನು ಒಂದೊಂದೇ ಹೇಳಿದೆ. ಪಾತ್ರೆ ಬೇರೆ ಇರಲಿ, ಚಾಕು, ಮಣೆ, ಒಲೆ ಬೇರೆ ಇರಲಿ, ತಿನ್ನದ ಗಿರಾಕಿಗೆ ಮೋಸ ಆಗಬಾರದು, ಅದು ನಾನೂ ಒಪ್ಪುತ್ತೇನೆ. ಆದರೆ ನನ್ನನ್ನು ಹೊರಗೆ ಕೂರಿಸುವುದಾದರೆ ಮಾಡುವುದಿಲ್ಲ. "ನಮ್ಮವ್ವ ಜೀವಮಾನ ಪೂರ್ತಿ ಹೊರಗ ಕೂತು ಬೇಯಿಸಿದ್ಲು. ಅಡುಗೆಮನೆ ನನ್ನದು ಅಂದಮ್ಯಾಲೆ ನಾನು ಒಳಗ ನಿಂತು ಬೇಯಿಸ್ತೀನಿ. ಇಲ್ಲಾಂದ್ರೆ ಗೋವಾದವನ್ನ ಕರೆಸ್ರಿ."

ನಾಳೆ ಆರು ಜನ ಊಟಕ್ಕೆ ಬರುತ್ತಾರೆ, ಗೋವಾದವನು ಹಾರಿ ಬರುತ್ತಾನೆಯೇ? ಬಕ್ಕೇಶ್ ಬೆವರಿದ. ಹುಡುಗರು ಕೆಲಸ ಬಿಡ್ತಾರೆ, ಚಾಂದ್ ಪಾಷಾನ ಬಿರಿಯಾನಿ ಪಕ್ಕದಲ್ಲಿ ಹೆಂಗಿಡೋದು, ಅವರ ಗಿರಾಕಿಗಳು ಮುಟ್ಟಲ್ಲ ಅಂದ. ಚಾಂದ್ ಭಾಯ್‌ಗೆ ಅನ್ಯಾಯ ಮಾಡಿ ನಾನು ಒಳಗೆ ಹೋಗುವುದು ಹೇಗೆ? ಕೆಲಸ ಹೋಯಿತು ಅಂದುಕೊಂಡು ಚೀಲ ಎತ್ತಿದೆ.

ಚಾಂದ್ ಭಾಯ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದರಂತೆ. ಬಂದು ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿ, ತಗಡು ಬಡಿದು ನೋಡಿದರು.

"ಧಣಿ, ಇದನ್ನ ನನಗ ಕೊಡ್ರಿ. ಬಿರಿಯಾನಿ ದೇಗು ದೊಡ್ಡ ಹಂಡೆ, ಅದು ಯಾವತ್ತಿದ್ರೂ ಬಯಲಲ್ಲೇ, ಕಟ್ಟಿಗೆ ಮ್ಯಾಲೆ. ಗ್ಯಾಸಿನ ಮ್ಯಾಲೆ ನಾಕು ವರ್ಷದಿಂದ ನನ್ನ ಬಿರಿಯಾನಿ ಹಾಳು ಮಾಡಿಸ್ತಾ ಇದೀರಿ. ಆಯಮ್ಮ ಒಳಗ ಇರ್ಲಿ."

ಬಕ್ಕೇಶ್ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಹಂಗಾದ್ರ ಹಂಗೇ ಮಾಡ್ರಿ ಅಂತ ಹೇಳಿ ಫೋನು ಕಿವಿಗಿಟ್ಟುಕೊಂಡು ಹೊರಟುಹೋದ, ಫೋನು ರಿಂಗೇ ಆಗಿರಲಿಲ್ಲ. ಚಾಂದ್ ಭಾಯ್‌ಗೆ ಕಟ್ಟಿಗೆ ಎಲ್ಲಿಂದ ತರಿಸ್ತೀರಿ ಅಂತ ಕೇಳಿದೆ.

ನವೆಂಬರ್ ೨೪, ಭಾನುವಾರ

ಒಳಗೆ ನಿಂತು ಬೇಯಿಸಿದೆ. ಹೊಳೆ ಕಡೆಯ ಕಿಟಕಿಯ ಪಕ್ಕದ ಒಲೆ, ಅವ್ವನ ಬಾಂಡ್ಲಿ. ಹುಡುಗರಲ್ಲಿ ಒಬ್ಬ ಮಾತ್ರ ಮುಖ ತಿರುಗಿಸಿಕೊಂಡು ಕೆಲಸ ಮಾಡಿದ, ಯಾರೂ ಬಿಟ್ಟುಹೋಗಲಿಲ್ಲ. ಬಕ್ಕೇಶ್ ಕರ್ಚೀಫು ಮೂಗಿಗೆ ಹಿಡಿದುಕೊಂಡು ಬಂದ. ಪೇರಲ ಪಾಕ ಬಾಂಡ್ಲಿಗೆ ಬಿದ್ದು ಚೊಂಯ್ ಅಂದಾಗ ಕರ್ಚೀಫು ತಾನಾಗಿ ಕೆಳಗಿಳಿಯಿತು. ನೋಡದ ಹಾಗೆ ಇದ್ದೆ.

ಆರು ತಟ್ಟೆ ಹೋದವು. ಐದರಲ್ಲಿ ಎಲುಬು ಮಾತ್ರ ವಾಪಸು ಬಂತು. ಆರನೆಯವನು ಅರ್ಧ ಬಿಟ್ಟಿದ್ದ, ಅವನಿಗೆ ಸಿಹಿ ಆಗುವುದಿಲ್ಲವಂತೆ. ನಮ್ಮಪ್ಪನ ಪೈಕಿ ಇರಬೇಕು. ಅವರಲ್ಲಿ ಹಿರಿಯನೊಬ್ಬ ಒಳಗೇ ಬಂದು, ಯಾವ ಹಣ್ಣು ಅಂತ ಇಂಗ್ಲಿಷಿನಲ್ಲಿ ಕೇಳಿದ. ಬುಟ್ಟಿಯಿಂದ ಒಂದು ಪೇರಲ ತೆಗೆದು ಕೈಗಿಟ್ಟೆ. ಮೂಸಿ ನೋಡಿ ಜೇಬಿಗೆ ಹಾಕಿಕೊಂಡು ಹೋದ. ಆರು ತಿಂಗಳು ಇಲ್ಲೇ ಇಳಿಯುತ್ತಾರೆ.

ಬೋರ್ಡಿನಲ್ಲಿ "ಚೆಫ್ ಸ್ಪೆಷಲ್" ಅಂತ ಮಾತ್ರ ಹಾಕೋಣ ಅಂದ ಬಕ್ಕೇಶ್. ಬೇಡ, ತಿನ್ನುವವನಿಗೂ ತಿಳಿಯಬೇಕು, ತಿನ್ನದವನಿಗೂ ತಿಳಿಯಬೇಕು ಅಂತ ಹೇಳಿ ಸೀಮೆಸುಣ್ಣ ತೆಗೆದುಕೊಂಡು ನಾನೇ ಬರೆದೆ, ಪೇರಲ ಪಾಕದ ಹಂದಿ. ಕೆಳಗೆ ನನ್ನ ಹೆಸರು ಹಾಕಿದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ನವೆಂಬರ್ ೨೭, ಬುಧವಾರ

ಕಸ್ತೂರಮ್ಮನವರ ಮುಂದೆ ನಿಂತು ಹೇಳಿದೆ. ಇದೇ ಇನ್ನು ನನ್ನ ಕೆಲಸ, ನಿಲ್ಲಿಸುವುದಿಲ್ಲ, ಮನೆ ಬಿಡುತ್ತೇವೆ. ಇವರು ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದರು, ಬಿಡೋದು ಬೇಡ ಅಂತ ಅನ್ನಲಿಲ್ಲ. ಹರಿಹರದಲ್ಲಿ ಮೂರು ಮನೆ ನೋಡಿದೆವು. ಏನು ತಿಂತೀರಿ ಅಂತ ಎಲ್ಲರೂ ಕೇಳಿದರು. ಹಂದಿಯೂ ತಿಂತೀನಿ ಅಂದೆ. ಎರಡು ಬಾಗಿಲು ಹಾಕಿಕೊಂಡವು. ಮೂರನೆಯ ಮನೆಯ ಮುದುಕಿ ಉಚ್ಚೆಂಗೆಮ್ಮ, ಬಾಡಿಗೆ ಹೊತ್ತಿಗೆ ಸರಿಯಾಗಿ ಕೊಟ್ರೆ ಆನೆ ತಿನ್ನು ಹೋಗು ಅಂದಳು.

ಡಿಸೆಂಬರ್ ೧, ಭಾನುವಾರ, ಹರಿಹರ

ಹೊರಡುವಾಗ ಕಸ್ತೂರಮ್ಮ ಕಾಣಲಿಲ್ಲ. ಬೇಜಾರಾಯಿತು, ಹನ್ನೊಂದು ವರ್ಷ. ಆಟೊ ಗೇಟು ದಾಟುವಾಗ ಬಂದು ಒಂದು ಚೀಲ ಪೇರಲ ಹಣ್ಣು ನನ್ನ ತೊಡೆಯ ಮೇಲಿಟ್ಟರು. ಕಣ್ಣು ಕೂಡಿಸಿ ನೋಡಲಿಲ್ಲ. "ಮರದ ತಪ್ಪೇನೈತೆ" ಅಂದು ತಿರುಗಿ ಹೋದರು.

ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು ಅಂತ ಉಚ್ಚೆಂಗೆಮ್ಮ ಹಾಲಿನ ಪಾಕೀಟು ಕೊಟ್ಟು ಹೋದಳು. ಪಾತ್ರೆಗಳೆಲ್ಲ ಚೀಲದಲ್ಲಿ, ಚೀಲದ ಬಾಯಿಗೆ ಹಗ್ಗ ಬಿಗಿದು ಇವರು ಗಂಟು ಹಾಕಿದ್ದರು, ಬಿಚ್ಚಲೇ ಬರದು. ಬಾಂಡ್ಲಿ ಕೈಯಲ್ಲೇ ಇತ್ತು. ತೊಳೆದು ಒಲೆಯ ಮೇಲಿಟ್ಟು ಹಾಲು ಸುರಿದೆ. ಇವರು ಹೊಸ್ತಿಲಲ್ಲಿ ಮಂಚದ ಕಾಲು ಹಿಡಿದುಕೊಂಡು ಬಂದವರು ಹಾಗೇ ನಿಂತರು. ಏನು ನೋಡುತ್ತೀರಿ, ಮಂಚ ಒಳಗೆ ತನ್ನಿ ಅಂದೆ. ಹಾಲು ಮೂಡಲ ಕಡೆಗೇ ಉಕ್ಕಿತು, ಒಳ್ಳೆಯದಂತೆ.

ದೇವರ ಮುಂದೆ ಒಂದು ಲೋಟ ಇಟ್ಟು, ಇವರಿಗೊಂದು ಲೋಟ ಕೊಟ್ಟೆ. ಲೋಟ ಹಿಡಿದುಕೊಂಡು ಬಾಂಡ್ಲಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಚೀಲದ ಗಂಟು ಬಿಚ್ಚುತ್ತ ಕೂತಿದ್ದೆ. ಕುಡಿದರು. ಸಕ್ಕರೆ ಸಾಲದು ಅಂದರು.